ಎಂಟು ಸಿಲಿಂಡರಿನ ಬಾಯಿ

ಕಾರಿನ ಶೋರೂಮಿನ ಬಾಗಿಲಲ್ಲಿ ಒಂದು ಗಾಜಿನ ಬೋಗುಣಿ ಇಟ್ಟಿದ್ದರು. ಬಂದವರು ಅದರಲ್ಲಿ ಹೆಸರು ಬರೆದ ಚೀಟಿ ಹಾಕಬೇಕು. ಚೀಟಿ ಎದ್ದವರಿಗೆ ಹೊಸ ಮಾಡೆಲಿನ ಕಾರು ಒಂದು ದಿನದ ಮಟ್ಟಿಗೆ. ಅಶ್ವಶಕ್ತಿಯೂ ಒಂದು ಚೀಟಿ ಹಾಕಿದ. ಎದ್ದದ್ದು ಅವನದೇ. ಕೆಲವರ ಗ್ರಹಚಾರ ಅದೃಷ್ಟದ ವೇಷ ಹಾಕಿಕೊಂಡೇ ಬರುತ್ತದೆ.

ಅಶ್ವಶಕ್ತಿ ಎನ್ನುವುದು ಬೀದಿಯವರು ಇಟ್ಟ ಹೆಸರು. ಆಳು ನೋಡಿದರೆ ಹ್ಯಾಂಗರಿಗೆ ನೇತುಹಾಕಿದ ಶರ್ಟು; ಬಾಯಿ ತೆರೆದರೆ ಮಾತ್ರ ಯಾವ ಕಾರಿಗೆ ಎಷ್ಟು ಅಶ್ವಶಕ್ತಿ ಎಂಬ ಪ್ರವಚನ. ಕೆಲಸ, ಪೇಟೆಯ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು. ದೃಷ್ಟಿ ಊರವರದ್ದು, ಕನಸು ಮಾತ್ರ ಸ್ವಂತದ್ದು. ಆ ಕನಸಿಗೆ ನಾಲ್ಕು ದಪ್ಪ ಚಕ್ರ, ಉದ್ದನೆಯ ಬಾನೆಟ್ಟು, ಅದರೊಳಗೆ ಎಂಟು ಸಿಲಿಂಡರಿನ ಎಂಜಿನ್ನು. ಮಸಲ್ ಕಾರು ಎಂಬ ಆ ಪೈಲ್ವಾನ್ ಜಾತಿಯ ಕಾರುಗಳ ಗರ್ಜನೆಯನ್ನು ಫೋನಿನಲ್ಲಿ ಕೇಳಿ ಕೇಳಿ ಅವನ ಬಾಯಿಯೇ ಎಂಜಿನ್ನಾಗಿಹೋಗಿತ್ತು. ಗಾಜು ಉಜ್ಜುತ್ತ ಕೂತವನು ತನಗೇ ಗೊತ್ತಿಲ್ಲದೆ ಸ್ಟಾರ್ಟಾಗಿಬಿಡುತ್ತಿದ್ದ. ಮೊದಲು ಗಂಟಲಾಳದಲ್ಲಿ ಗುಡಕ್ ಗುಡಕ್, ಆಮೇಲೆ ಎದೆಯಿಂದ ಘ್ರೂಂ, ಗೇರು ಬದಲಾಗುವಾಗ ನಾಲಿಗೆಯಲ್ಲೊಂದು ಟಕ್. ಕಣ್ಣಿನ ಪರೀಕ್ಷೆಗೆ ಬಂದವರು ಅಕ್ಷರ ಓದುವುದು ಬಿಟ್ಟು, ರಸ್ತೆ ದಾಟುವವರ ಹಾಗೆ ಎಡಬಲ ನೋಡುತ್ತಿದ್ದರು.

ಮನೆಯಲ್ಲಿ ಈ ಆಟ ನಡೆಯುತ್ತಿರಲಿಲ್ಲ. ಮಹಡಿಯ ಮೇಲೆ ಮನೆ ಮಾಲೀಕರಿದ್ದರು. ಅವರದು ಮರ ಕೊಯ್ಯುವ ಮಿಲ್ಲು. ದಿನವಿಡೀ ಗರಗಸದ ಕಿರುಚಾಟ ಕೇಳುವ ಅವರು ಬಾಡಿಗೆಯವರಿಗೆ ಹಾಕುವ ಷರತ್ತು ಒಂದೇ: ಶಬ್ದ ಕೂಡದು. ಹಿಂದೆ ಇದ್ದವನನ್ನು ಗೊರಕೆ ಹೊಡೆದದ್ದಕ್ಕೇ ಬಿಡಿಸಿದ್ದರು. ಹಾಗಾಗಿ ಅಶ್ವಶಕ್ತಿ ಮನೆಯಲ್ಲಿ ದಿಂಬಿಗೆ ಬಾಯಿ ಒತ್ತಿಕೊಂಡೇ ಗೇರು ಬದಲಿಸುತ್ತಿದ್ದ. ಅವನೊಳಗೆ ಎಂಜಿನ್ ಇರುವ ವಿಷಯ ಬೀದಿಯಲ್ಲಿ ಗೊತ್ತಿದ್ದದ್ದು ಹೆಂಡತಿಗೊಬ್ಬಳಿಗೆ.

ಚೀಟಿ ಎದ್ದ ಸುದ್ದಿಯನ್ನು ಎದುರುಮನೆಯ ಟೈಲರ್ ಕೇಳಿದ್ದೇ ತಡ, ಬೀದಿಗೆಲ್ಲ ಹೊಲಿದು ಹಂಚಿದ.

"ಬರೋದು ಯಾವಾಗ ಅಂತ ಒಂದ್ಮಾತು ಹೇಳಿರಿ ಅಶ್ವಶಕ್ತಿಗಳೇ, ಮಿಷನ್ ನಿಲ್ಲಿಸಿ ಈಚೆ ಬರ್ತೀನಿ."

"ನಾನ್ಯಾಕೆ ಹೇಳ್ಲಿ? ನಿಮ್ಮ ಕಿಟಕಿ ಗಾಜುಗಳೇ ಹೇಳ್ತವೆ. ಶಬ್ದ ಅಂದ್ರೆ ಅಂಥ ಶಬ್ದ."

ಶೋರೂಮಿನಲ್ಲಿ ಕಾರು ನಿಂತಿತ್ತು. ಬೆಳಗಾಗುವುದಕ್ಕೆ ಸ್ವಲ್ಪ ಮುಂಚಿನ ಆಕಾಶದ ಬಣ್ಣ. ಭುಜ ಉಬ್ಬಿಸಿಕೊಂಡು ಮಲಗಿದ ಪ್ರಾಣಿಯಂತಿದ್ದ ಅದರ ಬಾನೆಟ್ಟಿನ ಮೇಲೆ ದೀಪಗಳು ನಿಧಾನವಾಗಿ ತೇಲುತ್ತಿದ್ದವು. ಅಶ್ವಶಕ್ತಿ ಚಪ್ಪಲಿ ಬಿಟ್ಟು ಹತ್ತಿದ. ಸೇಲ್ಸಿನವನು ಗುಂಡಿ ತೋರಿಸಿದ. ಇವನು ಕಣ್ಣು ಮುಚ್ಚಿ, ಉಸಿರು ಹಿಡಿದು ಒತ್ತಿದ. ಕಾದ. ಇನ್ನೂ ಕಾದ.

"ಸ್ಟಾರ್ಟ್ ಆಗಲಿಲ್ಲವಲ್ಲ."

"ಆಗಿದೆ ಸಾರ್."

"ಶಬ್ದ?"

"ಇಲ್ಲ ಸಾರ್. ಬ್ಯಾಟರಿ ಗಾಡಿ. ಹೊಸ ಕಾಲದ ಮಸಲ್ ಕಾರು. ಹಳೇ ಎಂಟು ಸಿಲಿಂಡರನ್ನ ನಿಂತ ಜಾಗದಲ್ಲೇ ಬಿಟ್ಟು ಹೋಗುತ್ತೆ. ಮೌನವೇ ಇದರ ವಿಶೇಷ ಸಾರ್."

ಪೈಲ್ವಾನನ್ನು ನೋಡಲು ಬಂದವನಿಗೆ ಮೌನವ್ರತದ ಸ್ವಾಮಿಗಳನ್ನು ತೋರಿಸಿದಂತಾಯಿತು.

ಆದರೂ ಕಾರು ಹೊರಟಾಗ ಅವನಿಗೆ ನೆಲ ಬಿಟ್ಟ ಅನುಭವ. ಮರಗಳ ನೆರಳು ಬಾನೆಟ್ಟಿನ ಮೇಲೆ ಹರಿದು, ಗಾಜು ಹತ್ತಿ, ಅವನ ಮುಖ ಸವರಿ ಹಿಂದಕ್ಕೆ ಹೋಗುತ್ತಿತ್ತು. ಕಾಲ ಬೆರಳು ತಾಕಿಸಿದರೆ ಸಾಕು, ರಸ್ತೆಯೇ ಎದ್ದು ಬಂದು ಮಡಿಲಲ್ಲಿ ಕೂರುತ್ತಿತ್ತು. ಕನಸಿನಲ್ಲಿ ಓಡುವಾಗಲೂ ಹೀಗೇ ಹೆಜ್ಜೆ ಸಪ್ಪಳ ಇರುವುದಿಲ್ಲವಲ್ಲ ಎಂದುಕೊಂಡ. ಅಷ್ಟರಲ್ಲಿ ಬೀದಿಯ ತಿರುವು ಬಂತು. ಕನಸು ಬ್ರೇಕು ಹಾಕಿತು.

ಬೀದಿಗೆ ಬೀದಿಯೇ ಕಾದು ನಿಂತಿತ್ತು. ಕುತ್ತಿಗೆಯಲ್ಲಿ ಟೇಪು ಇಳಿಬಿಟ್ಟ ಟೈಲರ್, ಮೆಟ್ಟಿಲ ಮೇಲೆ ಹೆಂಡತಿ, ಮಹಡಿಯಲ್ಲಿ ಪೇಪರ್ ಹಿಡಿದ ಮಾಲೀಕರು. ಕಿಟಕಿ ಗಾಜುಗಳು ನಡುಗಲು ಸಿದ್ಧವಾಗಿದ್ದವು. ಹೀಗೆ ಕಳ್ಳಬೆಕ್ಕಿನಂತೆ ಒಳಗೆ ಜಾರಿದರೆ ಜನ್ಮವಿಡೀ ನಗು ತಪ್ಪಿದ್ದಲ್ಲ. ಅಶ್ವಶಕ್ತಿ ಕಾರಿನ ಗಾಜು ಎರಡು ಬೆರಳಷ್ಟು ಇಳಿಸಿದ. ಎದೆ ತುಂಬ ಉಸಿರೆಳೆದುಕೊಂಡ.

"ಘ್ರೂಂಂಂ... ಗುಡಕ್ ಗುಡಕ್... ಘ್ರೂಂಂಂ... ಟಕ್... ಘ್ರೀಂಂಂ..."

ಇಷ್ಟು ವರ್ಷ ದಿಂಬಿನೊಳಗೆ ತುಂಬಿಟ್ಟಿದ್ದ ಗುಡುಗು ಒಟ್ಟಿಗೇ ಈಚೆ ಬಂತು. ಟೈಲರನ ಕತ್ತರಿ ಕೆಳಗೆ ಬಿತ್ತು. ಮಾಲೀಕರ ಕೈಯ ಪೇಪರ್ ಹಾರಿ ಬೀದಿಗಿಳಿಯಿತು. ಹೆಂಡತಿ ಮಾತ್ರ ತಲೆ ಒಂದು ಕಡೆ ವಾಲಿಸಿ, ಪರಿಚಯದ ಗೊರಕೆ ಕೇಳಿದವಳಂತೆ ಕಣ್ಣು ಸಣ್ಣ ಮಾಡಿದಳು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು.

"ನನ್ನನ್ನೊಂದು ರೌಂಡ್ ಕರ್ಕೊಂಡು ಹೋಗಿ," ಎಂದು ಟೈಲರ್ ಆಗಲೇ ಬಾಗಿಲು ತೆಗೆದು ಪಕ್ಕದಲ್ಲಿ ಕೂತಿದ್ದ.

ಅಶ್ವಶಕ್ತಿ ಧೂಳಿನ ನೆಪ ಹೇಳಿ ಮುಖಕ್ಕೆ ಕರ್ಚೀಫು ಕಟ್ಟಿಕೊಂಡು ಹೊರಟ. ಕರ್ಚೀಫಿನೊಳಗೆ ಎಂಜಿನ್ ಸೊಗಸಾಗಿ ನಡೆಯುತ್ತಿತ್ತು. ಆದರೆ ಟೈಲರಿಗೆ ಬಾಯಿ ಸುಮ್ಮನಿಟ್ಟು ಅಭ್ಯಾಸವಿಲ್ಲ.

"ಮೈಲೇಜ್ ಎಷ್ಟು ಕೊಡುತ್ತೆ?"

ಎಂಜಿನ್ ನಿಂತಿತು. "ಪರವಾಗಿಲ್ಲ, ಚೆನ್ನಾಗೇ ಕೊಡುತ್ತೆ." ಘ್ರೂಂ.

"ಸೀಟಿನ ಹೊಲಿಗೆ ಸ್ವಲ್ಪ ದೂರ ದೂರ ಆಯ್ತು, ಅಲ್ವಾ?"

ಎಂಜಿನ್ ಮತ್ತೆ ನಿಂತಿತು. "ಹೌದು, ದೂರ ಆಯ್ತು." ಘ್ರೂಂ.

ಟೈಲರ್ ಸ್ವಲ್ಪ ಹೊತ್ತು ಯೋಚಿಸಿದ. "ಅಲ್ಲಾ, ನೀವು ಮಾತಾಡ್ದಾಗೆಲ್ಲಾ ಎಂಜಿನ್ ಸುಮ್ನಾಗುತ್ತಲ್ಲ?"

"ಮರ್ಯಾದಸ್ಥ ಎಂಜಿನ್ ಕಣ್ರೀ. ಇಬ್ರು ಮಾತಾಡೋವಾಗ ಮಧ್ಯ ಬಾಯಿ ಹಾಕಲ್ಲ."

ಟೈಲರ್ ಈ ವಿಶೇಷವನ್ನೂ ಬೀದಿಗೆ ಹಂಚಿದ. ಎಂಜಿನ್ನಿನ ಮರ್ಯಾದೆ ಪರೀಕ್ಷಿಸಲು ಸಾಲು ನಿಂತಿತು. ಹಾಲಿನಂಗಡಿಯವನು ಹತ್ತಿದ, ಹತ್ತಿಯ ಹಾಸಿಗೆ ಮಾಡುವವನೂ ಹತ್ತಿದ. ದಾರಿಯಲ್ಲಿ ಬಂದ ಕೆಮ್ಮನ್ನು ಸೈಲೆನ್ಸರಿನ ಸಿಡಿತ ಎಂದು ದಾಟಿಸಿದ್ದಾಯಿತು, ಒಂದು ಸೀನನ್ನು ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊ ಎಂದ. ಮಧ್ಯಾಹ್ನದ ಹೊತ್ತಿಗೆ ಎಂಟು ಸಿಲಿಂಡರಿನಲ್ಲಿ ಆರು ಹೊಡೆದುಹೋಗಿ, ಗಂಟಲು ಹಳೇ ಸ್ಕೂಟರಿನ ಹಾಗೆ ಕರಕರ ಎನ್ನುತ್ತಿತ್ತು.

ಕೊನೆಗೆ ಹತ್ತಿದವಳು ಹೆಂಡತಿ. ಬೀದಿ ದಾಟುವವರೆಗೂ ಸುಮ್ಮನಿದ್ದವಳು ಅವನ ಕರ್ಚೀಫನ್ನು ತಾನೇ ಬಿಚ್ಚಿದಳು.

"ರೀ, ಸಾಕು. ಆಫ್ ಮಾಡಿ."

"ಯಾವಾಗ ಗೊತ್ತಾಯ್ತು?"

"ತಿರುವಲ್ಲೇ. ಆ ಟಕ್ ಅನ್ನೋದು ನಿಮ್ಮ ಎಡಗಡೆ ದವಡೆ ಹಲ್ಲಿಂದು."

ಅವನು ಕಾರನ್ನು ಊರಾಚೆಯ ದಿಬ್ಬದ ರಸ್ತೆಗೆ ತಿರುಗಿಸಿದ. ಕಾರು ಸದ್ದಿಲ್ಲದೆ ಏರಿತು. ಗಾಳಿ ಹುಲ್ಲಿನ ಮೇಲೆ ಕೈಯಾಡಿಸುವುದು ಕೇಳುತ್ತಿತ್ತು, ಅವಳ ಬಳೆ ಕಿಟಕಿಗೆ ತಾಕುವುದು ಕೇಳುತ್ತಿತ್ತು. ದಿಬ್ಬದ ನೆತ್ತಿಯಲ್ಲಿ ರಸ್ತೆ ಮುಗಿದು ಆಕಾಶ ಶುರುವಾಗುವ ಹಾಗಿತ್ತು; ಇನ್ನೊಂದು ಚೂರು ಕಾಲು ಒತ್ತಿದರೆ ಅದರೊಳಕ್ಕೇ ಹೋಗಿಬಿಡಬಹುದಿತ್ತು.

"ಹೀಗೇ ಚೆನ್ನಾಗಿದೆ," ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ಮಾಲೀಕರು ಕೆಳಗಿಳಿದು ಬಂದಿದ್ರು. ಮುಖ ಕೆಂಪಗೆ. ಈ ಶಬ್ದದ ವಿಷಯ ಸಂಜೆ ಇತ್ಯರ್ಥ ಮಾಡ್ತೀನಿ ಅಂತ ಗಾಡಿ ತರಿಸ್ಕೊಂಡು ಎಲ್ಲಿಗೋ ಹೋದ್ರು."

ಆಕಾಶ ಸರಕ್ಕನೆ ನೆಲಕ್ಕಿಳಿಯಿತು.

"ಮನೆ ಬಿಡಿಸ್ತಾರಾ?"

"ಗೊರಕೆಗೇ ಬಿಡಿಸಿದವರು. ಹೋಗಿ ನಿಜ ಹೇಳಿಬಿಡಿ. ಕಾರಂತೂ ವಾಪಸ್ ಹೋಗುತ್ತೆ. ಮನೆ ಹೋದ್ರೆ ನಾವು ಎಲ್ಲಿಗೆ ವಾಪಸ್ ಹೋಗೋದು?"

ಕಾರನ್ನು ಶೋರೂಮಿಗೆ ಒಪ್ಪಿಸಿ ಅಶ್ವಶಕ್ತಿ ನಡೆದೇ ಬಂದ. ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡ. ಮಾಲೀಕರು ಮನೆಯ ಹಿತ್ತಲಲ್ಲಿ, ತಮ್ಮ ಹಳೇ ಷೆಡ್ಡಿನ ಮುಂದೆ, ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಮುಖ ಇನ್ನೂ ಕೆಂಪಗೇ ಇತ್ತು.

"ಬಾರಪ್ಪ. ನಿನ್ನನ್ನೇ ಕಾಯ್ತಿದ್ದೆ. ಬೆಳಿಗ್ಗೆಯ ಆ ಶಬ್ದ..."

"ಯಜಮಾನ್ರೇ, ಮೊದಲು ನನ್ನ ಮಾತು ಕೇಳಿಬಿಡಿ. ಆ ಕಾರಿಗೆ ಶಬ್ದವೇ ಇಲ್ಲ. ಬ್ಯಾಟರಿ ಗಾಡಿ. ಅದು ನಾನು, ಬಾಯಲ್ಲಿ ಮಾಡಿದ್ದು. ಇನ್ನು ಜನ್ಮದಲ್ಲಿ ಮಾಡಲ್ಲ. ಮನೆ ಮಾತ್ರ ಬಿಡಿಸ್ಬೇಡಿ."

ಮಾಲೀಕರು ನಂಬದವರಂತೆ ನೋಡಿದರು. ಉಳಿದಿದ್ದ ಎರಡು ಸಿಲಿಂಡರಿನಲ್ಲಿ ಇವನು ಮೆಲ್ಲಗೆ ಒಂದು ಘ್ರೂಂ ಹೊರಡಿಸಿ ತೋರಿಸಿದ. ಮಾಲೀಕರ ಮುಖದ ಕೆಂಪೆಲ್ಲ ಇಳಿದು ಸುಣ್ಣ ಬಳಿದಂತಾಯಿತು. ಅವರು ತಿರುಗಿ ಷೆಡ್ಡಿನ ಬಾಗಿಲು ಎಳೆದರು.

ಒಳಗೆ, ಬೆಳಗಾಗುವುದಕ್ಕೆ ಸ್ವಲ್ಪ ಮುಂಚಿನ ಆಕಾಶದ ಬಣ್ಣದಲ್ಲಿ, ಇನ್ನೊಂದು ಕಾರು ನಿಂತಿತ್ತು. ಹೊಚ್ಚ ಹೊಸದು.

"ಜೀವಮಾನವಿಡೀ ಗರಗಸ ಕೇಳಿದವನು ನಾನು," ಎಂದರು ಮಾಲೀಕರು. "ಶಬ್ದ ಅಂದ್ರೆ ಮೈ ಉರೀತಿತ್ತು. ಇವತ್ತು ಮೊದಲನೇ ಸಲ ಒಂದು ಶಬ್ದ ಎದೆಯೊಳಗೆ ಇಳೀತು. ನೇರ ಶೋರೂಮಿಗೆ ಹೋದೆ. ಓಡಿಸಿ ನೋಡಿ ಅಂದ್ರು. ಕಿವಿಯಾರೆ ಕೇಳಿದ್ದೀನಿ, ನೋಡೋದೇನಿದೆ ಅಂದೆ. ಲಾರಿ ಮೇಲೆ ತಂದು ಇಳಿಸಿ ಹೋದ್ರು. ಗುಂಡಿ ಒತ್ತಿದ್ರೆ ಉಸಿರಿಲ್ಲ. ಕೆಟ್ಟಿದೆ ಅಂತ ಫೋನ್ ಮಾಡಿದ್ರೆ, ಅದು ಇರೋದೇ ಹಾಗೆ ಸಾರ್ ಅಂತಾನೆ."

"ವಾಪಸ್..."

"ತಗೊಳ್ಳಲ್ವಂತೆ. ನಾಳೆ ಬೆಳಿಗ್ಗೆ ಮಿಲ್ಲಿಗೆ ಇದರಲ್ಲೇ ಬರ್ತೀನಿ, ಗೇಟಿನ ಹತ್ರ ನಿಂತು ಕೇಳಿ ಅಂತ ಎಲ್ರಿಗೂ ಹೇಳಿಬಿಟ್ಟಿದ್ದೀನಿ."

ಮಾಲೀಕರು ಬಾನೆಟ್ಟು ಎತ್ತಿದರು. ಅಶ್ವಶಕ್ತಿ ತುದಿಗಾಲಲ್ಲಿ ಬಗ್ಗಿ ನೋಡಿದ. ಬಾಲ್ಯದಿಂದ ಅವನ ಕನಸಿನಲ್ಲಿ ಎಂಟು ಸಿಲಿಂಡರು ಇದ್ದ ಆ ಜಾಗ ಈಗ ಬರೀ ಖಾಲಿ. ಸಾಮಾನು ಇಡಲೆಂದು ತಳಕ್ಕೆ ಬೂದು ಬಣ್ಣದ ಮೆತ್ತನೆ ಬಟ್ಟೆ ಹಾಸಿದ ಒಂದು ಗುಂಡಿ.

ಮಾಲೀಕರು ಆ ಗುಂಡಿ ನೋಡಿದರು. ಆಮೇಲೆ, ದಿಮ್ಮಿಯ ಅಳತೆಯನ್ನು ಕಣ್ಣಲ್ಲೇ ಹೇಳುವ ಅನುಭವದಿಂದ, ಅಶ್ವಶಕ್ತಿಯನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಮನೆ ಬಿಡಿಸೋ ಮಾತು ಆಮೇಲೆ," ಎಂದರು ಮೆಲ್ಲಗೆ. "ಮೊದಲು ಒಂದ್ಸಲ ಮಂಡಿ ಮಡಚಿ ಕೂತು ನೋಡಪ್ಪ."