ಯಾರಿಗೂ ಸಿಗದ ಜಾಗ

ಇಟಲಿಯ ಕಳ್ಳರೆಲ್ಲ ಒಟ್ಟುಗೂಡಿ ಬಂದರೂ ತಮ್ಮ ಕರವಸ್ತ್ರವನ್ನು ಕೂಡ ಮುಟ್ಟಲಾರರು ಎಂದು ಲಿಯೋನಾರ್ಡ್ ಘೋಷಿಸಿದಾಗ, ಹೆಂಡತಿ ಡೋರಿಸ್ ಬೀನ್ಸಿನ ನಾರು ತೆಗೆಯುತ್ತಿದ್ದರು. ಹೂಂ ಅಂದರು.

ಡೋರಿಸ್‌ಗೆ ಬೇಕಾದದ್ದು ಒಂದೇ. ಹಿಂದೆ ಕುವೈತಿನಲ್ಲಿದ್ದಾಗ ನಾಲ್ಕು ವರ್ಷದ ಮಗಳು ಮೆಲನಿ ಮಾರುಕಟ್ಟೆಯಲ್ಲಿ ಕೈತಪ್ಪಿ ಹೋಗಿದ್ದಳು. ಕಳೆದದ್ದನ್ನು ಹುಡುಕಿಕೊಡುವ ಸಂತ ಅಂತೋನಿಯವರಿಗೆ ತಾಯಿ ಅಲ್ಲೇ ಮೊಣಕಾಲೂರಿ ಹರಕೆ ಹೊತ್ತರು: ಮಗು ಸಿಕ್ಕರೆ ಇಟಲಿಯ ಪಾದುವಾಕ್ಕೆ ಬಂದು ನಿಮ್ಮ ಸಮಾಧಿಯೆದುರು ಮೇಣದ ಬತ್ತಿ ಹಚ್ಚುತ್ತೇನೆ. ಮಗು ಸಿಕ್ಕಿತು. ಹರಕೆ ಮೂವತ್ತು ವರ್ಷ ಕಾಯಿತು. ಈಗ ಅಡಿಲೇಡಿನ ಬ್ಲೇರ್ ಅಥಾಲ್ ಬಡಾವಣೆಯ ಮನೆಗೆ ಟಿಕೆಟ್ ಬಂದಿತ್ತು.

ದಿನವೂ ಊಟದ ಜೊತೆ ಗಂಡನ ಉಪದೇಶ. ಕಾಫಿ ನಿಂತೇ ಕುಡಿಯಬೇಕು, ಕೂತರೆ ಬೆಲೆ ಜಾಸ್ತಿ. ಕಾಗದದ ರೈಲು ಟಿಕೆಟಿಗೆ ಹತ್ತುವ ಮೊದಲೇ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು, ಇಲ್ಲದಿದ್ದರೆ ದಂಡ. ಇಗರ್ಜಿಯೊಳಗೆ ಭುಜ ಮುಚ್ಚಿರಬೇಕು. ತನ್ನ ಭುಜ ತೆರೆದದ್ದು ಯಾವ ಕಾಲದಲ್ಲಿ ಎಂದು ಡೋರಿಸ್ ಯೋಚಿಸಿದರು, ಕೇಳಲಿಲ್ಲ. ಎಲ್ಲಕ್ಕಿಂತ ದೊಡ್ಡ ಸೂತ್ರವೆಂದರೆ, ಬೆಲೆಬಾಳುವುದೆಲ್ಲ ಕೊರಳಿಗೆ ನೇತುಹಾಕಿದ ಚೀಲದಲ್ಲಿ, ಎದೆಯ ಮೇಲೆ. ಬೆನ್ನ ಹಿಂದೆ ಏನನ್ನೂ ಇಡಕೂಡದು.

ಮಾಡ್ಬರಿಯ ಶಾಪಿಂಗ್ ಸೆಂಟರಿನಲ್ಲಿ ತಾಲೀಮೂ ಆಯಿತು. ಮೆಲನಿಯೇ ಕಳ್ಳಿ. ರೋಮಿನ ಕಳ್ಳರ ಕೈಚಳಕವನ್ನು ಲಿಯೋನಾರ್ಡ್ ವರ್ಣಿಸುತ್ತಿದ್ದಾಗಲೇ ಅವರ ಪರ್ಸು ಎರಡು ಸಲ ಮಗಳ ಕೈ ಸೇರಿತು.

“ಟೂ ಈಸಿ, ಡ್ಯಾಡಿ.”

ಮನೆಗೆ ಬಂದವರೇ ಲಿಯೋನಾರ್ಡ್ ಇಬ್ಬರ ಪಾಸ್‌ಪೋರ್ಟನ್ನೂ ತೆಗೆದು, ಯಾರಿಗೂ ಸಿಗದ ಜಾಗದಲ್ಲಿಟ್ಟರು. ಹೊರಡುವ ದಿನ ಬೆಳಿಗ್ಗೆ, ಆ ‘ಯಾರಿಗೂ’ ಎಂಬುದರಲ್ಲಿ ತಾವೂ ಸೇರಿದ್ದಾರೆಂದು ಅವರಿಗೆ ಗೊತ್ತಾಯಿತು.

ಅಕ್ಕಿಯ ಡಬ್ಬ ಬರಿದಾಯಿತು. ಫ್ರೀಜರಿನ ಬಂಗುಡೆ ಮೀನು ಹೊರಗೆ ಬಂತು. ಹಾಸಿಗೆ ಗೋಡೆಗೊರಗಿತು. ಬಾಗಿಲಲ್ಲಿ ಮೆಲನಿಯ ಕಾರು ಎರಡು ಸಲ ಹಾರ್ನ್ ಹೊಡೆಯಿತು. ಲಿಯೋನಾರ್ಡ್ ಸೂಟ್‌ಕೇಸಿನ ಮೇಲೆ ಕುಸಿದು ಕೂತರು.

“ನೀನಾದ್ರೂ ಹೋಗಿ ಬಾ, ಡೋರಿ.”

ಅವಳ ಪಾಸ್‌ಪೋರ್ಟೂ ಅದೇ ಜಾಗದಲ್ಲಿ ಉಂಟೆಂದು ಆಮೇಲೆ ನೆನಪಾಯಿತು.

ಡೋರಿಸ್ ದೇವರ ಪೀಠದ ಮೇಲಿದ್ದ ಸಂತ ಅಂತೋನಿಯವರ ಪ್ರತಿಮೆಯ ಹತ್ತಿರ ಹೋದರು. ಎಷ್ಟು ಬೇಡಿದರೂ ವಸ್ತು ಸಿಗದಿದ್ದರೆ ಸಂತ ಅಂತೋನಿಯವರ ಮುಖವನ್ನು ಗೋಡೆಗೆ ತಿರುಗಿಸಿ ನಿಲ್ಲಿಸಬೇಕು, ಸಿಕ್ಕಿದ ಮೇಲೆಯೇ ಈಚೆ ತಿರುಗಿಸಬೇಕು ಎಂದು ಊರಲ್ಲಿ ಅವರ ತಾಯಿ ಹೇಳುತ್ತಿದ್ದರು. ಇಷ್ಟು ವರ್ಷದಲ್ಲಿ ಡೋರಿಸ್‌ಗೆ ಆ ಧೈರ್ಯ ಬಂದಿರಲಿಲ್ಲ. ಇಂದು ಶಿಲುಬೆಯ ಗುರುತು ಮಾಡಿ, ಕ್ಷಮೆ ಕೇಳಿ, ಪ್ರತಿಮೆಯನ್ನು ಮೆಲ್ಲಗೆ ತಿರುಗಿಸಿದರು.

ಸಂತರ ಬೆನ್ನಿಗೆ ಕಂದು ಟೇಪು. ಟೇಪಿನಡಿಯಲ್ಲಿ ಎರಡು ನೀಲಿ ಪಾಸ್‌ಪೋರ್ಟು.

ಡೋರಿಸ್ ಟೇಪು ಬಿಡಿಸಿ, ಪಾಸ್‌ಪೋರ್ಟುಗಳನ್ನು ತನ್ನ ಕೊರಳಿನ ಚೀಲಕ್ಕೆ ಹಾಕಿ ಎದೆಯ ಮೇಲೆ ಇಳಿಬಿಟ್ಟುಕೊಂಡರು. ಸೆರಗಿನಿಂದ ಸಂತರ ಬೆನ್ನು ಒರೆಸಿ ಮತ್ತೆ ಈಚೆ ತಿರುಗಿಸಿದರು.

“ಅಲ್ಲ ಮಾರಾಯ್ರೆ, ಬೆನ್ನ ಹಿಂದೆ ಏನೂ ಇಡ್ಬಾರ್ದು ಅಂತ ನನಗೆ ತಿಂಗಳಿಡೀ ಹೇಳಿದ್ರಿ. ಇಟಲಿಯಲ್ಲೇ ಇದ್ದ ಈ ಸಂತರಿಗೆ ಒಂದು ಮಾತು ಹೇಳ್ಬಾರ್ದಿತ್ತಾ?”