ಕೋರಿಶೆಟ್ಟರ ಗವಾಕ್ಷ ವಿಜಯ

ಎಲೈ ವಾಗ್ದೇವಿಯೇ, ಸಿಂಹಾಸನಗಳಿಗಾಗಿ ಕಾದಾಡಿದ ಚಕ್ರವರ್ತಿಗಳ ಚರಿತೆಗಳನ್ನು ಕೇಳಿ ಕೇಳಿ ನಿನ್ನ ಕರ್ಣಗಳು ದಣಿದಿರಬೇಕು. ಇಂದು ಬೆಳಗಿನ ತಿಂಡಿಯ ಒಂದು ಕುರ್ಚಿಗಾಗಿ ಕಾದಾಡಿದ ಮಹಾಪುರುಷನ ಕಥೆಯನ್ನು ನನ್ನ ಬಾಯಿಂದ ನುಡಿಸು. ಕಲಿಯುಗದ ಪ್ರಥಮ ಪಾದದಲ್ಲಿ, ಶ್ವೇತದ್ವೀಪದ ಪಶ್ಚಿಮ ಭಾಗದಲ್ಲಿ, ಜ್ಯೇಷ್ಠ ಮಾಸದಲ್ಲಿಯೂ ಸ್ವೆಟರ್ ತೊಟ್ಟುಕೊಂಡೇ ‘ಆಹಾ, ಎಂಥ ಬೇಸಿಗೆ!’ ಎಂದು ಪರಸ್ಪರ ಅಭಿನಂದಿಸಿಕೊಳ್ಳುವ ಧೀರರ ನಾಡಾದ ವೇಲ್ಸಿನಲ್ಲಿ, ಲ್ಲಾನ್‌ಗ್ವಿಲನ್ ಎಂಬ ಕಡಲತಡಿಯ ಪಟ್ಟಣವೊಂದಿತ್ತು. ಆ ಹೆಸರನ್ನು ಸರಿಯಾಗಿ ಉಚ್ಚರಿಸಬೇಕಾದರೆ ಬಾಯಲ್ಲಿ ಬಿಸಿ ಅವರೆಕಾಳಿಟ್ಟುಕೊಂಡು ಊದಬೇಕೆಂದು ಬಲ್ಲವರ ಮತ. ನಮ್ಮ ಕಥಾನಾಯಕನಾದರೋ ಅದನ್ನು ‘ಆ ಊರು’ ಎಂಬ ಎರಡೇ ಮಾತಿನಿಂದ ಜಯಿಸಿಬಿಟ್ಟಿದ್ದನು.

ಯಾರು ಆ ನಾಯಕನು? ಗದಗ ಪಟ್ಟಣದ ಪಾತ್ರೆ ಬಜಾರಿನ ಸಾರ್ವಭೌಮನು. ತಾಮ್ರ, ಹಿತ್ತಾಳೆ, ಸ್ಟೀಲುಗಳೆಂಬ ತ್ರಿಲೋಕಗಳಿಗೆ ಒಡೆಯನು. ಕೊಡಕ್ಕೆ ಬೆರಳಿನಿಂದ ಟಣ್ ಎನಿಸಿ ಅದರ ಆಯುಷ್ಯವನ್ನು ಹೇಳಬಲ್ಲ ನಾದಯೋಗಿಯು. ಚೌಕಾಸಿಗೆ ಬಂದ ಗಿರಾಕಿಗಳ ಗರ್ವಪರ್ವತಕ್ಕೆ ವಜ್ರಾಯುಧನು. ಶ್ರೀಮಾನ್ ಬಸವಂತಪ್ಪ ಕೋರಿಶೆಟ್ಟರ್. ಇಂಥ ಅಭೇದ್ಯ ವೀರನಿಗೂ ಒಂದು ಮರ್ಮಸ್ಥಾನವಿತ್ತು. ಅವನು ಹೆಣ್ಣು ಕೊಟ್ಟವನು.

ಕೊಟ್ಟದ್ದು ಮೈಸೂರಿನ ನಂಜುಂಡಾರಾಧ್ಯನ ಮನೆಗೆ. ಆರಾಧ್ಯನು ತೋಟಗಾರಿಕೆ ಇಲಾಖೆಯ ನಿವೃತ್ತ ಉಪನಿರ್ದೇಶಕನು. ಗುಲಾಬಿಗಳು ತನ್ನ ಸುತ್ತೋಲೆಯನ್ನು ನೋಡಿಯೇ ಅರಳುತ್ತಿದ್ದವೆಂದು ನಂಬಿದ್ದವನು. ವರನ ತಂದೆಯೆಂಬ ಬಿರುದು ಸೇರಿದ ಮೇಲೆ ಆತನ ಬೆನ್ನು ನೆಟ್ಟಗಾದದ್ದು ಇನ್ನೂ ಬಾಗಿರಲಿಲ್ಲ. ಮದುವೆಯ ದಿನ ಫೋಟೋಗ್ರಾಫರನು ಆರಾಧ್ಯನನ್ನು ನಟ್ಟನಡುವೆ ಸೋಫಾದ ಮೇಲೆ ಕೂರಿಸಿ, ಕೋರಿಶೆಟ್ಟರನ್ನು ‘ಸ್ವಲ್ಪ ಸರೀರಿ, ಇನ್ನೂ ಸ್ವಲ್ಪ’ ಎಂದು ಸರಿಸಿ ಸರಿಸಿ, ಕೊನೆಗೆ ಆಲ್ಬಮ್ಮಿನಲ್ಲಿ ಅರ್ಧ ಕೋರಿಶೆಟ್ಟರ್, ಅರ್ಧ ಹೂಕುಂಡ ಮೂಡಿ ಬಂದಿತ್ತು. ಆ ಅರ್ಧವು ಈ ಪೂರ್ಣನ ಎದೆಯಲ್ಲಿ ಅಂದಿನಿಂದ ಹೊಗೆಯಾಡುತ್ತಿತ್ತು.

ವೇಲ್ಸಿನ ಆಸ್ಪತ್ರೆಯೊಂದರಲ್ಲಿ ವೈದ್ಯರಾಗಿದ್ದ ಮಗಳು ಶಾಂಭವಿ ಮತ್ತು ಅಳಿಯ ಪ್ರಮಥ, ತಮ್ಮನ್ನು ನೋಡಲು ಬಂದ ಎರಡೂ ಜೋಡಿಗಳನ್ನು ಒಂದು ವಾರ ಒಂದೇ ಹೋಟೆಲಿನಲ್ಲಿ ಇಟ್ಟರೆ ಹೊಂದಿಕೊಳ್ಳುತ್ತಾರೆಂಬ, ಯಾವ ವೈದ್ಯಶಾಸ್ತ್ರದಲ್ಲಿಯೂ ಆಧಾರವಿಲ್ಲದ ಚಿಕಿತ್ಸೆಯನ್ನು ಪ್ರಯೋಗಿಸಿದರು. ಹಾಗೆ ಬೀಗರಿಬ್ಬರೂ ಸಪತ್ನೀಕರಾಗಿ ಬ್ರಿನ್ ಮೋರ್ ಎಂಬ ಆ ಹೋಟೆಲಿಗೆ ಆಗಮಿಸಿದರು.

ಹೋಟೆಲೆಂದರೆ ಹೋಟೆಲಲ್ಲ, ಅದೊಂದು ಸಂಸಾರ. ಮಿಸೆಸ್ ಪ್ರಿಚರ್ಡ್ ಎಂಬ ಗೃಹಿಣಿಯೇ ಅಲ್ಲಿ ರಾಣಿ, ಮಂತ್ರಿ, ಬಡಿಸುವಾಕೆ ಮತ್ತು ಕಸ ಗುಡಿಸುವಾಕೆ. ಆಕೆಯ ಪತಿಯು ಅಡುಗೆಮನೆಯೆಂಬ ಪಾತಾಳದಲ್ಲಿದ್ದು, ಹೊಗೆಯಿಂದ ಮಾತ್ರ ತನ್ನ ಅಸ್ತಿತ್ವವನ್ನು ತಿಳಿಸುತ್ತಿದ್ದನು. ಮೊದಲ ಮುಂಜಾನೆ ಆಕೆ “ಬೋರೆ ದಾ!” ಎಂದು ವೆಲ್ಷ್ ಭಾಷೆಯಲ್ಲಿ ಶುಭೋದಯ ಕೋರಿದಾಗ, ಆರಾಧ್ಯನು ಯಾವ ಬೋರೇಗೌಡನನ್ನು ಕರೆಯುತ್ತಿದ್ದಾಳೋ ಎಂದು ಹಿಂದೆ ತಿರುಗಿ ನೋಡಿದನು. ನೋಡಿ, ಯಾರೂ ಇಲ್ಲದ್ದರಿಂದ ಆ ಗೌರವವನ್ನು ತಾನೇ ಸ್ವೀಕರಿಸಿ, ಊಟದ ಕೋಣೆಯ ಅತ್ಯುತ್ತಮ ಪೀಠದತ್ತ ನಡೆದನು.

ಆ ಪೀಠದ ವೈಭವವನ್ನು ಏನೆಂದು ಬಣ್ಣಿಸಲಿ! ಬೀದಿಯತ್ತ ಉಬ್ಬಿದ ದೊಡ್ಡ ಕಿಟಕಿಯೊಳಗೆ, ಜರಿಯಂಚಿನ ಪರದೆಗಳ ನಡುವೆ, ಇಬ್ಬರಿಗೆಂದೇ ಹಾಕಿದ ದುಂಡು ಮೇಜು. ಅಲ್ಲಿ ಕುಳಿತವನಿಗೆ ಎದುರಿಗೆ ಸಮುದ್ರರಾಜನೇ ಅಲೆಗಳೆಂಬ ಚಾಮರ ಬೀಸುವನು. ಕಡಲಹಕ್ಕಿಗಳು ವಂದಿಮಾಗಧರಂತೆ ಕಿರುಚುವವು.

“ರಾಜಮ್ಮಣ್ಣಿ, ಇಲ್ಲೇ ಕೂತ್ಕೊಳೋಣ ಬಾ. ವ್ಯೂ ಚೆನ್ನಾಗಿದೆ,” ಎಂದು ಆರಾಧ್ಯನು ಹೆಂಡತಿಗೆ ಹೇಳಿ ಕುಳಿತನು. ಆಮೇಲೆ ಉದಾರಬುದ್ಧಿಯಿಂದ ತಿರುಗಿ, “ಬೀಗ್ರೆ, ಅಲ್ಲೆಲ್ಲಾದ್ರೂ ಜಾಗ ಇದೆಯಾ ನೋಡಿ,” ಎಂದನು.

ಅಲ್ಲೆಲ್ಲಾದರೂ! ಆ ‘ಅಲ್ಲೆಲ್ಲಾದರೂ’ ಎಂಬುದು ಅಡುಗೆಮನೆಯ ಬಾಗಿಲ ಬಳಿ, ಗೋಡೆಗೆ ಆತುಕೊಂಡು ಕುದಿಯುವ ಹೀಟರಿನ ಪಕ್ಕದಲ್ಲಿದ್ದ ಉದ್ದ ಮೇಜು. ಬಾಗಿಲು ತೆರೆದಾಗಲೆಲ್ಲ ಸಾಸೇಜುಗಳ ಹೊಗೆಯು ಬಂದು, ಜನ್ಮದಲ್ಲಿ ಮೊಟ್ಟೆಯನ್ನೂ ಮುಟ್ಟದ ಕೋರಿಶೆಟ್ಟರನ್ನು ಆಲಿಂಗಿಸುತ್ತಿತ್ತು.

“ನೋಡಿದೇನ? ನಮ್ಮನ್ನ ತಂದು ಬಚ್ಚಲ ಒಲಿ ಮುಂದ ಕುಂದರಿಸ್ಯಾರ,” ಎಂದು ಆತನು ಹಲ್ಲುಗಳ ನಡುವಿನಿಂದ ಹೆಂಡತಿಗೆ ನುಡಿದನು.

ನೀಲವ್ವ ಟೋಸ್ಟಿಗೆ ಬೆಣ್ಣೆ ಸವರುತ್ತಿದ್ದಳು. “ಬೆಚ್ಚಗ ಐತಿ, ತಿನ್ನರಿ ಸುಮ್ನ. ಕಿಡಕಿ ತಿನ್ನಾಕ ಬರತೈತೇನು?”

ಸಾಧ್ವಿಯರು ಯುದ್ಧಕಾರಣಗಳನ್ನು ಅರಿಯರು. ಮರುದಿನವೂ ಆರಾಧ್ಯನು ಅದೇ ಪೀಠವನ್ನು ಏರಿದಾಗ, ನಾಯಕನು ಕಚ್ಚಿದ ಟೋಸ್ಟನ್ನು ತಟ್ಟೆಗೆ ಹಿಂದಿರುಗಿಸಿದನು. ಅಂದು ಮಧ್ಯಾಹ್ನ ಹೆಂಗಸರಿಬ್ಬರೂ ಕೈಕೈ ಹಿಡಿದು ಕಡಲತಡಿಯಲ್ಲಿ ಕತ್ತೆಸವಾರಿ ಮಾಡುವ ಮಕ್ಕಳನ್ನು ನೋಡಲು ಹೊರಟರೆ, ಗಂಡಸರಿಬ್ಬರೂ ಒಂದೇ ಬೆಂಚಿನ ಎರಡು ತುದಿಗಳಲ್ಲಿ ಕುಳಿತು ಬೇರೆ ಬೇರೆ ದಿಕ್ಕಿನ ಸಮುದ್ರವನ್ನು ನೋಡಿದರು.

ಆಗಲೇ ಕೋರಿಶೆಟ್ಟರನು ಅಸ್ತ್ರವನ್ನು ನೆನೆದನು. ಗದಗ ಬಸ್‌ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿ ಬಸ್ಸು ಇನ್ನೂ ನಿಲ್ಲುವ ಮೊದಲೇ, ಓಡುತ್ತೋಡುತ್ತ ಕಿಟಕಿಯಿಂದ ಒಳಗೆಸೆದರೆ ಸೀಟಿನ ಮೇಲೆ ಬಿದ್ದು ಸ್ವಾಮಿತ್ವವನ್ನು ಸಾರುವ, ಕಂಡಕ್ಟರನೂ ಕೈಮುಗಿಯುವ, ಬಸುರಿಯೂ ಪಕ್ಕಕ್ಕೆ ಸರಿಸಲು ಹಿಂಜರಿಯುವ ಆ ದಿವ್ಯಾಸ್ತ್ರ, ಟವೆಲ್ಲು!

ಮೂರನೆಯ ಮುಂಜಾನೆ ನಾಯಕನು ಶಸ್ತ್ರಸಜ್ಜಿತನಾದುದನ್ನು ಕೇಳಿರಿ. ಮೊದಲು ಉಣ್ಣೆಯ ಒಳಂಗಿಯೆಂಬ ಕವಚ. ಅದರ ಮೇಲೆ ನೀಲವ್ವ ಹೆಣೆದ, ಒಂದು ತೋಳು ಇನ್ನೊಂದಕ್ಕಿಂತ ಧಾರಾಳವಾದ ಸ್ವೆಟರು. ಶಿರಸ್ತ್ರಾಣವಾಗಿ ಮಂಕಿ ಟೋಪಿ. ಭುಜದ ಮೇಲೆ ಕೆಂಪಂಚಿನ ಟವೆಲ್ಲು. ರತ್ನಗಂಬಳಿಯ ಮೆಟ್ಟಿಲುಗಳನ್ನಿಳಿದಾಗ ಕೆಳಗೆ ಹೂಂಕರಿಸುತ್ತ ಧೂಳು ನುಂಗುವ ಯಂತ್ರರಾಕ್ಷಸನೊಬ್ಬನು ಎದುರಾದನು. ಅವನ ಬಾಲವನ್ನು ಹಿಡಿದಿದ್ದ ಮಿಸೆಸ್ ಪ್ರಿಚರ್ಡ್ ನಗುತ್ತ ದಾರಿ ಬಿಟ್ಟಳು. ನಾಯಕನು ಒಳನುಗ್ಗಿ, ಕಿಟಕಿಯ ಕುರ್ಚಿಯ ಮೇಲೆ ಟವೆಲ್ಲನ್ನು ಸ್ಥಾಪಿಸಿ, ಎರಡು ಸಲ ತಟ್ಟಿ, ಸ್ನಾನಕ್ಕೆ ಹಿಂದಿರುಗಿದನು.

ಸ್ನಾನ, ವಿಭೂತಿ, ಲಿಂಗಪೂಜೆಗಳನ್ನು ಮುಗಿಸಿ ಪತ್ನೀಸಮೇತನಾಗಿ ಇಳಿದು ಬಂದು ನೋಡುತ್ತಾನೆ: ಟವೆಲ್ಲಿಲ್ಲ! ಆರಾಧ್ಯನಿದ್ದಾನೆ!

“ಇಲ್ಲೊಂದು ಟವೆಲ್ಲಿತ್ತಲ್ರಿ?” ಎಂದು ಕೋರಿಶೆಟ್ಟರನು ತನ್ನ ಇಂಗ್ಲಿಷಿನಲ್ಲಿ ಮಿಸೆಸ್ ಪ್ರಿಚರ್ಡಳನ್ನು ಕೇಳಿದನು.

“ಓ, ಅದು ನಿಮ್ಮದಾ ಡಿಯರ್? ಯಾರೋ ಮರೆತು ಹೋಗಿದ್ದಾರೆ ಅಂದುಕೊಂಡೆ. ಒಗೆಯೋಕೆ ಹಾಕಿಬಿಟ್ಟೆ,” ಎಂದಳಾ ಮಹಾತಾಯಿ.

ಕೇಳಿದಿರಾ! ಒಂದು ಸೀಟಿನ ಹಕ್ಕುಪತ್ರವನ್ನು ಸೋಪಿನ ನೀರಿನಲ್ಲಿ ಅದ್ದಿದ ಈ ದ್ವೀಪದವರು ಒಂದು ಕಾಲಕ್ಕೆ ಅರ್ಧ ಪ್ರಪಂಚವನ್ನು ಹೇಗೆ ಆಳಿದರೋ! ಸಂಜೆ ಟವೆಲ್ಲು ಇಸ್ತ್ರಿಯಾಗಿ, ಮಡಚಿ, ಲ್ಯಾವೆಂಡರ್ ಪರಿಮಳ ಬೀರುತ್ತ ಸೆರೆಯಿಂದ ಮರಳಿತು. ನಾಯಕನು ಅದನ್ನು ಮುಟ್ಟಲಿಲ್ಲ.

ಅದೇ ಸಂಜೆ ಶಾಂಭವಿಯ ಫೋನು ಬಂದಿತು.

“ಅಪ್ಪಾ, ಅತ್ತಿ ಹೇಳಿದ್ರು. ಮಾವನವರ ಕೂಡ ಕುರ್ಚಿ ಸಲುವಾಗಿ ಮುಖಾ ಗಂಟ ಹಾಕ್ಕೊಂಡು ಕುಂತೀಯಂತ?”

“ನಾ ಎಲ್ಲಿ ಗಂಟ ಹಾಕ್ಕೊಂಡೇನಿ? ನನ್ನ ಮುಖಾನ ಹಿಂಗೈತಿ.”

“ನೀವು ಜಗಳಾ ಮಾಡಿ ಊರಿಗೆ ಹೋಗ್ತೀರಿ. ಆಮ್ಯಾಲೆ ಈ ಮನ್ಯಾಗ ಇರಾಕಿ ನಾನು. ತಿಳೀತಿಲ್ಲೋ?”

ಗಿರಾಕಿಗಳೆದುರು ಎಂದೂ ತೊದಲದ ಕೋರಿಶೆಟ್ಟರನ ನಾಲಗೆ ಮಗಳೆದುರು ತೊದಲಿತು. “ನಿನ್ನ ಮದುವಿ ಫೋಟೋದಾಗ ನಾ ಅರ್ಧಾನ ಅದೇನವಾ,” ಎಂದನು. ಆಕೆಗೆ ಅರ್ಥವಾಗಲಿಲ್ಲ. “ಏನಪಾ?” ಎಂದಳು. “ಏನಿಲ್ಲ, ಊಟಾ ಮಾಡು,” ಎಂದು ಫೋನಿಟ್ಟನು.

ಬುದ್ಧಿವಂತನಾದವನು ಇಲ್ಲಿಗೆ ಬಿಡುತ್ತಿದ್ದನು. ಆದರೆ ಮಹಾಕಾವ್ಯಗಳನ್ನು ಬುದ್ಧಿವಂತರ ಮೇಲೆ ಬರೆಯುವ ಪದ್ಧತಿಯಿಲ್ಲ.

ನಾಲ್ಕನೆಯ ಪ್ರಾತಃಕಾಲ! ಮೇಘಗಳು ದಟ್ಟೈಸಿದ್ದವು. ಗಾಳಿಯು ಹೋಟೆಲಿನ ಬೋರ್ಡನ್ನು ರಣಭೇರಿಯಂತೆ ಬಡಿಯುತ್ತಿತ್ತು. ಕೋರಿಶೆಟ್ಟರನು ಎಡದ ಕೋಣೆಯಿಂದ ಹೊರಬಿದ್ದ ಕ್ಷಣದಲ್ಲಿಯೇ, ಬಲದ ಕೋಣೆಯಿಂದ ಆರಾಧ್ಯನೂ ಹೊರಬಿದ್ದನು. ಇಬ್ಬರೂ ಒಬ್ಬರೇ ಇಳಿಯಬಹುದಾದ ಮೆಟ್ಟಿಲಿನ ತಲೆಯಲ್ಲಿ ಸಂಧಿಸಿದರು. ಆರಾಧ್ಯನ ಕುತ್ತಿಗೆಗೆ ಮಫ್ಲರು ಸುತ್ತಿತ್ತು, ಮೂಗು ಕೆಂಪಾಗಿತ್ತು, ಕಣ್ಣಲ್ಲಿ ನೀರಾಡುತ್ತಿತ್ತು. ನಾಯಕನು ಅದನ್ನು ಕ್ರೋಧವೆಂದೇ ತಿಳಿದನು.

ಆಗ ಕೋರಿಶೆಟ್ಟರನು ಗರ್ಜಿಸಿದನು: “ಎಲೈ ಗುಲಾಬಿಗಳ ಗುರುವೇ, ಕುಂಡಗಳ ಕುಲಪತಿಯೇ! ಕಲ್ಯಾಣಮಂಟಪದಲ್ಲಿ ನೀನು ಕುಳಿತೆ, ನಾನು ನಿಂತೆ; ಪಂಕ್ತಿಯಲ್ಲಿ ನೀನುಂಡೆ, ನಾನು ಬಡಿಸಿದೆ; ನನ್ನ ಅರ್ಧದೇಹವನ್ನು ಪುಷ್ಪಗಳಿಗೆ ಬಲಿಯಿತ್ತು ಮೌನವನ್ನು ಧರಿಸಿದೆ. ಹೆಣ್ಣು ಹೆತ್ತವನ ಶಿರಸ್ಸು ಬಾಗುವುದು ಸಹಜ, ಆದರೆ ಅವನ ಕುರ್ಚಿಗೂ ಬೆನ್ನುಮೂಳೆಯುಂಟೆಂಬುದನ್ನು ಇಂದು ನೀನು ಅರಿಯುವೆ! ಈ ಗವಾಕ್ಷಪೀಠದಲ್ಲಿ ಇಂದು ಒಂದೋ ನಾನು ಕುಳಿತಿರುವೆನು, ಇಲ್ಲವೇ ನೀನು ನಿಂತಿರುವೆ!”

ಇದು ಆತನ ಅಂತರಂಗದಲ್ಲಿ ಮೊಳಗಿದ ಪಾಠ. ಬಾಯಿಂದ ಹೊರಬಿದ್ದ ಪಾಠವು ಇಂತಿತ್ತು:

“ಬೀಗರ, ಇವತ್ತ ನಾವು ಕಿಡಕಿ ಕಡೆ ಕುಂದರ್ತೇವ್ರಿ. ನಿಮ್ಮದೇನರ ತಕರಾರ ಐತೇನ್ರಿ?”

ಆರಾಧ್ಯನ ನೆಟ್ಟಗಿನ ಬೆನ್ನು ಇನ್ನೂ ನೆಟ್ಟಗಾಯಿತು. ಈಗ ಪ್ರಳಯವೇ ಆಗುವುದೆಂದು ನಾಯಕನು ಮೆಟ್ಟಿಲಿನ ಕಟಕಟೆಯನ್ನು ಬಿಗಿ ಹಿಡಿದನು.

“ಅಯ್ಯೋ, ಧಾರಾಳವಾಗಿ ಕೂತ್ಕೊಳಿ ಬೀಗ್ರೆ,” ಎಂದನು ಆರಾಧ್ಯನು. ಎಂದದ್ದಷ್ಟೇ ಅಲ್ಲ, ಪಕ್ಕಕ್ಕೆ ಸರಿದು, “ನೀವೇ ಮುಂದೆ ಹೋಗಿ,” ಎಂದು ಕೈಯನ್ನೂ ಚಾಚಿದನು.

ಶತ್ರುವು ಎತ್ತದ ಖಡ್ಗಕ್ಕೆ ಗುರಾಣಿ ಹಿಡಿದವನ ಗೊಂದಲವನ್ನು ವ್ಯಾಕರಣದಲ್ಲಿ ಏನೆನ್ನುವರೋ ತಿಳಿಯದು. ಕೋರಿಶೆಟ್ಟರನು ಇಳಿದನು, ನಡೆದನು, ಕುಳಿತನು. ಪೀಠವು ಆತನದಾಯಿತು! ದಿಕ್ಪಾಲಕರು ಹೂಮಳೆಗರೆಯಲು ಅಣಿಯಾದರು. ನಾಯಕನು ತನ್ನ ರಾಜ್ಯವನ್ನು ನೋಡಲು ಕಿಟಕಿಯತ್ತ ಮುಖ ತಿರುಗಿಸಿದನು.

ಸಮುದ್ರವಿರಲಿಲ್ಲ. ಮಂಜು ಕವಿದಿತ್ತು. ಸಮುದ್ರವಷ್ಟೇ ಅಲ್ಲ, ಬೀದಿಯ ಆಚೆಬದಿಯೂ ಇರಲಿಲ್ಲ. ಇದ್ದದ್ದು ಗಾಳಿ ಮಾತ್ರ. ಹಳೆಯ ಕಿಟಕಿಯ ಚೌಕಟ್ಟಿನ ಸಂದಿಯಿಂದ, ಈಟಿಯಂತೆ ತೆಳ್ಳಗೆ, ಐಸ್‌ಕ್ಯಾಂಡಿಯಂತೆ ತಣ್ಣಗೆ, ಕೋರಿಶೆಟ್ಟರ ಬಲಗಿವಿಗೆ ಗುರಿಯಿಟ್ಟು ಬರುತ್ತಿದ್ದ ಗಾಳಿ. ಬಂದ ಚಹಾ ಬಂದಂತೆಯೇ ತಣ್ಣಗಾಯಿತು. ಬೆಣ್ಣೆಯು ಕಲ್ಲಾಗಿ, ಟೋಸ್ಟಿನ ಮೇಲೆ ಹಚ್ಚಲು ಹೋದರೆ ಟೋಸ್ಟೇ ಮುರಿಯಿತು.

ಅತ್ತ ಅಡುಗೆಮನೆಯ ಬಾಗಿಲ ಬಳಿ ಆರಾಧ್ಯನು ಬೆನ್ನನ್ನು ಹೀಟರಿಗೆ ಆನಿಸಿ ಕುಳಿತಿದ್ದನು. ಆತನ ಬೆನ್ನು ಮಗನ ಮದುವೆಯಾದಂದಿನಿಂದ ಮೊದಲ ಬಾರಿಗೆ ಬಾಗಿತು. ಮಫ್ಲರನ್ನು ಬಿಚ್ಚಿದನು. ಕೋಟನ್ನು ಬಿಚ್ಚಿದನು. ಕಣ್ಣು ಮುಚ್ಚಿ, “ಅಮ್ಮಾ…” ಎಂದು ಮುಲುಗಿದನು.

“ಮೂರು ದಿನದಿಂದ ಬಡ್ಕೊಂಡೆ, ಇಲ್ಲಿಗೆ ಬನ್ನಿ ಅಂತ,” ಎಂದಳು ರಾಜಮ್ಮಣ್ಣಿ.

“ಹೆಂಗೇ ಬರೋದು? ಗಂಡಿನ ಕಡೆಯವ್ರು ಮೊದಲ ದಿನ ಅಲ್ಲಿ ಕೂತ್ಮೇಲೆ, ಎದ್ದು ಬಂದ್ರೆ ಏನಂದ್ಕೊಳ್ತಾರೆ?” ಎಂದು ಆರಾಧ್ಯನು ಪಿಸುಗುಟ್ಟಿದನು. ಆದರೆ ಶೀತದಿಂದ ಕಿವಿ ಕಟ್ಟಿದವನ ಪಿಸುಮಾತು ಕೋಣೆಗೆಲ್ಲ ಕೇಳಿಸಿತು.

ಕಿಟಕಿಯ ವೀರನಿಗೂ ಕೇಳಿಸಿತು. ಆತನ ಎದುರಿನ ಕುರ್ಚಿ ಖಾಲಿಯಿತ್ತು. ನೀಲವ್ವ ಒಂದು ಗುಟುಕು ಚಹಾ ಕುಡಿದವಳೇ “ಇಲ್ಲಿ ಕುಂತ್ರ ಸಾಯ್ತೀನಿ” ಎಂದು ಕಪ್ಪು ಬಶಿಗಳ ಸಮೇತ ಆ ಮೇಜಿಗೆ ವಲಸೆ ಹೋಗಿದ್ದಳು. ಮೂವರೂ ಅಲ್ಲಿ ಏನೋ ಹೇಳಿಕೊಂಡು ನಗುತ್ತಿದ್ದರು.

“ಬೀಗ್ರೆ, ಇಲ್ಲೊಂದು ಕುರ್ಚಿ ಇದೆ, ಬನ್ನಿ. ಬೆಚ್ಚಗಿದೆ,” ಎಂದು ಆರಾಧ್ಯನು ಕರೆದನು. ಅದರಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಎಷ್ಟೋ ಮೇಲಾಗಿತ್ತು.

ಕೋರಿಶೆಟ್ಟರನು ಮಂಜನ್ನೇ ನೋಡುತ್ತ, “ಬ್ಯಾಡ್ರಿ ಬೀಗರ. ಇಲ್ಲಿಂದ ಸಮುದ್ರ ಭಾಳ ಚಲೋ ಕಾಣಸ್ತೈತಿ,” ಎಂದನು.

ಅಷ್ಟರಲ್ಲಿ ಮಿಸೆಸ್ ಪ್ರಿಚರ್ಡ್ ಒಂದು ಚಿಕ್ಕ ಕಾರ್ಡನ್ನು ತಂದು, ಆತನ ತಟ್ಟೆಯ ಮುಂದೆ ಉಪ್ಪಿನ ಡಬ್ಬಿಗೆ ಆನಿಸಿ ನಿಲ್ಲಿಸಿದಳು. “ನಿಮಗೆ ಈ ಮೇಜು ಇಷ್ಟ ಅಂತ ಗೊತ್ತಾಯ್ತು ಡಿಯರ್. ವಾರಪೂರ್ತಿ ನಿಮ್ಮ ಹೆಸರಿಗೇ ಬರೆದಿಟ್ಟಿದ್ದೇನೆ. ಇನ್ನು ಯಾರೂ ಕೂರೋ ಹಾಗಿಲ್ಲ.”

ಕಾರ್ಡಿನ ಮೇಲೆ ದುಂಡಾದ ಅಕ್ಷರಗಳಲ್ಲಿ ‘ಮಿಸ್ಟರ್ ಷಟರ್’ ಎಂದು ಬರೆದಿತ್ತು.

“ಥ್ಯಾಂಕ್ಯೂ,” ಎಂದ ವಿಜಯಿಯು ಮಂಕಿ ಟೋಪಿಯನ್ನು ಕಿವಿಯ ಕೆಳಗೆಳೆದುಕೊಂಡು, ಮುರಿದ ಟೋಸ್ಟನ್ನು ತಿನ್ನತೊಡಗಿದನು.