ಮೂರು ಕೊಟೇಶನ್ನಿನ ಕೂಲರ್

ಹಣವಿಲ್ಲದವನು ಏನನ್ನೂ ಕೊಳ್ಳದಿರುವುದರಲ್ಲಿ ವಿಶೇಷವೇನಿಲ್ಲ. ಕಿಸೆಯಲ್ಲಿ ಹಣ, ಎದುರಿಗೆ ಅಂಗಡಿ, ಮನೆಯಲ್ಲಿ ಅಗತ್ಯ, ಎಲ್ಲವೂ ಇದ್ದು ಕೊಳ್ಳದಿರುವುದು ಒಂದು ವಿದ್ಯೆ. ಅದರಲ್ಲಿ ನಾನು ಪಾರಂಗತ. ಅಹಮದಾಬಾದಿನ ಸರ್ಕಾರಿ ಕಚೇರಿಯೊಂದರ ಖರೀದಿ ವಿಭಾಗದಲ್ಲಿ ಕೂತು ಕೂತು ಕಲಿತದ್ದು. ನಮ್ಮಲ್ಲಿ ಗುಂಡುಸೂಜಿ ಬೇಕೆಂದರೂ ಮೂರು ಅಂಗಡಿಗಳಿಂದ ಕೊಟೇಶನ್ ತರಿಸಬೇಕು, ಅಕ್ಕಪಕ್ಕ ಇಟ್ಟು ಹೋಲಿಸಬೇಕು, ಕಡಿಮೆ ಬೆಲೆಯವನನ್ನು ಆರಿಸಿ ಮೇಲಿನವರ ಸಹಿಗೆ ಕಳಿಸಬೇಕು. ಸಹಿ ಬೀಳುವಷ್ಟರಲ್ಲಿ ಸೂಜಿ ಚುಚ್ಚಬೇಕಾದ ಕಾಗದವೇ ರದ್ದಿಗೆ ಹೋಗಿರುತ್ತದೆ. ಹಾಗೆಂದು ಯಾರೂ ನನ್ನನ್ನು ಬೈಯುವಂತಿಲ್ಲ. ಕೊಂಡದ್ದಕ್ಕೆ ಆಡಿಟ್‌ನವರು ಆಕ್ಷೇಪ ಎತ್ತಿದ್ದುಂಟು. ಕೊಳ್ಳದ್ದಕ್ಕೆ ಎತ್ತಿದ್ದನ್ನು ನಾನಂತೂ ಕಾಣೆ.

ಈ ವಿದ್ಯೆಯನ್ನು ಚಪ್ಪಲಿಯ ಹಾಗೆ ಬಾಗಿಲಾಚೆ ಬಿಟ್ಟು ಮನೆಯೊಳಗೆ ಬರಬೇಕಿತ್ತು. ಬರಲಿಲ್ಲ. ಆ ಏಪ್ರಿಲ್‌ನಲ್ಲಿ ಮೈಸೂರಿನ ಅಣ್ಣನ ಮನೆಯಿಂದ ಅಮ್ಮ ನಮ್ಮಲ್ಲಿಗೆ ಬಂದಳು. ಸ್ಯಾಟಲೈಟ್ ಎಂಬ ಬಡಾವಣೆಯಲ್ಲಿ ನಮ್ಮದು ಮೇಲಂತಸ್ತಿನ ಫ್ಲ್ಯಾಟು. ತಾರಸಿ ಹಗಲೆಲ್ಲ ಕಾದು, ಆ ಶಾಖವನ್ನು ಸಂಜೆ ನಮ್ಮ ತಲೆಯ ಮೇಲೆ ಇಳಿಸುತ್ತಿತ್ತು. ಫ್ಯಾನು ಬಿಸಿಗಾಳಿಯನ್ನೇ ಎಲ್ಲರಿಗೂ ಸಮನಾಗಿ ಹಂಚುತ್ತಿತ್ತು. ವಾರದೊಳಗೆ ಅಮ್ಮನ ಮೈತುಂಬ ಬೆವರುಸಾಲೆ ಎದ್ದಿತು.

"ಲೋ, ಇದೇನು ಊರೋ, ಕಾದ ಹೆಂಚೋ? ನನ್ನನ್ನ ಮೈಸೂರಿಗೆ ಕಳಿಸ್ಬಿಡಪ್ಪ," ಎಂದಳು.

ಅಮ್ಮ ನಮ್ಮಲ್ಲಿ ಇರಬೇಕೆಂದು ನನಗೆ ನಿಜವಾಗಿಯೂ ಆಸೆಯಿತ್ತು. ಜೊತೆಗೆ ಅಣ್ಣನ ಬಾಯಿಯ ಭಯ. "ಅಮ್ಮನ್ನ ಬೇಯಿಸಿ ವಾಪಸ್ ಕಳಿಸಿದ್ಯೇನೋ?" ಎಂದು ಜನ್ಮವೆಲ್ಲ ಆಡಿಕೊಳ್ಳುತ್ತಾನೆ. ಹಾಗಾಗಿ ಏರ್ ಕೂಲರ್ ಕೊಳ್ಳುವ ಕೆಲಸವನ್ನು ನಾನು ಸಮರೋಪಾದಿಯಲ್ಲಿ ಕೈಗೆತ್ತಿಕೊಂಡೆ. ಅಂದರೆ, ಕೊಟೇಶನ್ ತರಿಸತೊಡಗಿದೆ. ಒಂದನ್ನು ನಮ್ಮ ಬೀದಿಯ ಅಂಗಡಿಯಲ್ಲಿ ಬರೆಸಿಕೊಂಡೆ. ಇನ್ನೊಂದನ್ನು ಕಚೇರಿ ಕೆಲಸಕ್ಕೆ ವಡೋದರೆಗೆ ಹೋದಾಗ. ಮೂರನೆಯದು ಸೂರತ್ ಪಕ್ಕದ ಸಚಿನ್ ಎಂಬ ಊರಿನ ಕಾರ್ಖಾನೆಯೊಂದಕ್ಕೆ ಹೋಗಿದ್ದಾಗ ಸೂರತ್‌ನಲ್ಲಿ. ಅಷ್ಟರಲ್ಲಿ ಬಿಸಿಲೇರಿ ಕೂಲರ್ ಬೆಲೆಯೂ ಏರಿ, ಮೊದಲಿನವನು "ಸಾಹೇಬ್, ಆ ರೇಟು ಹೋದ ವಾರಕ್ಕೇ ಮುಗೀತು" ಎಂದುಬಿಟ್ಟ. ನಿಯಮ ನಿಯಮವೇ. ಮತ್ತೆ ಮೊದಲಿನಿಂದ ಶುರು ಮಾಡಿದೆ.

ನನ್ನ ಹೆಂಡತಿ ಶಾರದಾ ರೇಡಿಯೋ ವಾರ್ತೆ ಕೇಳಿದ್ದು ಆ ಸಂಜೆಯೇ. ಸರ್ಕಾರಿ ಖರೀದಿಯನ್ನು ಚುರುಕುಗೊಳಿಸುವ ಮಸೂದೆ ಸದನದಲ್ಲಿ ಮತಕ್ಕೆ ಬಿದ್ದು ಗೆದ್ದಿತ್ತಂತೆ. ನಾನು ಶೂ ಬಿಚ್ಚುವುದಕ್ಕೂ ಅವಳು ಬಿಡಲಿಲ್ಲ.

"ರೀ, ಸರ್ಕಾರಕ್ಕೇ ಬುದ್ಧಿ ಬಂತು. ಇನ್ನು ನಿಮಗೆ ಯಾವಾಗ? ಬನ್ನಿ, ಇಲ್ಲೂ ಮತ ಹಾಕೋಣ. ಒಂದೇ ಅಂಗಡಿ, ನಾಳೆಯೇ ಕೂಲರ್. ಒಪ್ಪೋರು ಕೈ ಎತ್ತಿ."

ಶಾರದಾ ಕೈ ಎತ್ತಿದಳು. ಮಗಳು ರಶ್ಮಿ ಎರಡೂ ಕೈ ಎತ್ತಿದಳು. ಗುಜರಾತಿ ಶಾಲೆಗೆ ಹೋಗುವ ಅವಳ ಕನ್ನಡ ಅರ್ಧ ದಾರಿಯಲ್ಲೇ ಇಳಿದುಹೋಗುತ್ತದೆ. "ಪಪ್ಪಾ, ಅಜ್ಜಿಗೆ ಬಹು ಗರ್ಮಿ ಆಗ್ತಿದೆ. ಕೂಲರ್ ಲಾವೋ ನೇ!"

ನಾನು ವಿರೋಧಿಸಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯಿಂದ ಆರಂಭಿಸಿ, ಸ್ಪರ್ಧಾತ್ಮಕ ದರದ ಮಹತ್ವದವರೆಗೆ ಭಾಷಣ ಬಿಗಿದೆ. "ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡೋಕೆ ನೀವು ಟೆಂಡರ್ ಬೇರೆ ಕರೀತೀರಿ," ಎಂದಳು ಶಾರದಾ. ಸೋಲು ಖಚಿತವೆಂದುಕೊಂಡು, ವಿರೋಧಿಸುವವರು ಯಾರೆಂದು ಕೇಳಿ, ನನ್ನ ಒಂಟಿ ಕೈ ಎತ್ತಿದೆ.

ಮೂಲೆಯಲ್ಲಿ ಬೀಸಣಿಗೆ ಬೀಸಿಕೊಳ್ಳುತ್ತಿದ್ದ ಅಮ್ಮ ಅದನ್ನು ಕೆಳಗಿಟ್ಟು ತಾನೂ ಕೈ ಎತ್ತಿದಳು.

"ಅತ್ತೆ, ಕೂಲರ್ ನಿಮಗೇ ಅಲ್ವಾ?"

"ಇರ್ಲಿ ಕಣೇ. ಪಾಪ, ಒಬ್ಬನೇ ಆಗ್ಬಿಟ್ಟ."

ಸಮ ಸಮ. ಹಾಗಾದಾಗ ನಿರ್ಣಾಯಕ ಮತ ಅಧ್ಯಕ್ಷರದು; ಮನೆಯ ಯಜಮಾನನಾದ್ದರಿಂದ ಅಧ್ಯಕ್ಷ ನಾನೇ ಎಂದು ಶಾರದಾ ನೆನಪಿಸಿದಳು. ಅಮ್ಮನ ಕೈ ಇನ್ನೂ ಮೇಲೆಯೇ ಇತ್ತು. ಮೊಣಕೈವರೆಗೂ ಕೆಂಪಗೆ ಎದ್ದ ಬೆವರುಸಾಲೆ. ನನಗೆ ಬಹಳ ನಾಚಿಕೆಯಾಯಿತು. ನನ್ನ ವಿರುದ್ಧ ನಾನೇ ಮತ ಹಾಕಿದೆ.

ಮರುದಿನ ಬೆಳಿಗ್ಗೆ ಶಾರದಾ ನಮ್ಮ ಬೀದಿಯ ಅಂಗಡಿಗೆ ಹೋಗಿ, ಚೌಕಾಸಿ ಮಾಡಿ, ಒಗ್ಗರಣೆ ಆರುವಷ್ಟರಲ್ಲಿ ಕೂಲರ್ ತಂದಳು. ಬೆಲೆ ನನ್ನ ಮೂರೂ ಕೊಟೇಶನ್‌ಗಳಿಗಿಂತ ಕಡಿಮೆ. ಕಚೇರಿಯಲ್ಲಿ ಮಾತ್ರ, ಖರೀದಿಯನ್ನು ಯಾವ ವೇಗದಲ್ಲಿ ಚುರುಕುಗೊಳಿಸಬಹುದೆಂದು ಅಧ್ಯಯನ ಮಾಡಲು ಸಮಿತಿಯಾಗಿತ್ತು. ಸಮಿತಿಗೆ ಕುರ್ಚಿ ಬೇಕೆಂಬ ಕಡತ ನನ್ನ ಮೇಜಿಗೆ ಬಂದಿತ್ತು.

ಸಂಜೆ ಮನೆಗೆ ಬಂದರೆ ಲಾವಂಚದ ಘಮ, ಮುಖಕ್ಕೆ ತಂಪುಗಾಳಿ. ಅಮ್ಮ ಕೂಲರ್ ಮುಂದೆ ಸೆರಗು ಹೊದ್ದು ಮುದುಡಿ ಕೂತಿದ್ದಳು. ಮೈಸೂರಿನ ಮಾತೇ ಇಲ್ಲ.

"ಚಳಿ ಆಗ್ತಿದೆ ಕಣೋ. ತೆಳ್ಳಗಿರೋ ಹೊದಿಕೆ ಇದ್ರೆ ಚೆನ್ನಾಗಿತ್ತು."

"ಈಗಲೇ ತಂದೆ," ಎಂದು ಚಪ್ಪಲಿ ಮೆಟ್ಟಿದೆ. ಆ ಚುರುಕಿಗೆ ನನಗೇ ಹೆಮ್ಮೆಯಾಯಿತು. ಮೆಟ್ಟಿಲು ಅರ್ಧ ಇಳಿದವನು, ಹುಟ್ಟುಗುಣ ಸುಟ್ಟರೂ ಹೋಗದು ನೋಡಿ, ಮತ್ತೆ ಹತ್ತಿ ಬಂದು ಬಾಗಿಲು ತಟ್ಟಿದೆ.

"ಶಾರದಾ, ಇಲ್ಲಿ ಹೊದಿಕೆ ಮಾರೋ ಅಂಗಡಿ ಮೂರಾದರೂ ಇರಬಹುದಲ್ವಾ?"